ಅಣ್ಣನ ಸ್ಕ್ಯಾನ್ ವರದಿ: ಕುಗ್ಗಿದ ಮಿದುಳು ಚೇತರಿಸಿಕೊಳ್ಳುತ್ತದೆಯೇ?

ಕಡಲ ಮಗಳು, ಕಾರವಾರ:
ನನ್ನ ಅಣ್ಣನಿಗೆ 48 ವರ್ಷ, ಬೈತಖೋಲ್ ಬಂದರಿನ ಬೋಟೊಂದರಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವ ಮುಖ್ಯಸ್ಥ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬೆಳಗಿನಿಂದಲೇ ಕುಡಿಯುತ್ತಾನೆ. ಗೋವಾ ಗಡಿ ಹತ್ತಿರ, ಅಗ್ಗದ ಬಾಟಲಿಗೆ ಬರವಿಲ್ಲ. ಈಗ ಕುಡಿಯದ ಹೊತ್ತಿನಲ್ಲೂ ಕಾಲು ಅಗಲಿಸಿ ಓಲಾಡುತ್ತ ನಡೆಯುತ್ತಾನೆ. ಎಂಆರ್‌ಐ ವರದಿಯಲ್ಲಿ ‘ವಯಸ್ಸಿಗೆ ಮೀರಿ ಮಿದುಳು ಕುಗ್ಗಿದೆ, ಕಿರುಮಿದುಳಿನಲ್ಲಿ ಹೆಚ್ಚು’ ಎಂದಿದೆ. "ಮಿದುಳೇ ಹೋದ ಮೇಲೆ ಕುಡಿತ ಬಿಡಿಸಿ ಏನು ಫಲ?" ಎಂದು ಅತ್ತಿಗೆ ಅಳುತ್ತಾರೆ. ನಿಜವಾಗಿಯೂ ಮುಗಿಯಿತೇ?

ಮಲೆನಾಡಿಗ, ಶಿರಸಿ:
ಮುಗಿದಿಲ್ಲ ತಂಗಿ. ಸ್ಕ್ಯಾನ್ ಯಂತ್ರದ ಮುಂದೆ ಕೂತು ಕೆಲಸ ಮಾಡುವವನು ನಾನು. ವರದಿ ಓದಿ ಮನೆಯವರು ಕೈಚೆಲ್ಲುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೆಚ್ಚು ಕುಡಿಯುವವರ ಚಿತ್ರಗಳಲ್ಲಿ ಮಿದುಳಿನ ಮಡಿಕೆಗಳ ನಡುವಿನ ಸಂದು ಅಗಲವಾಗಿರುತ್ತದೆ, ಒಳಗಿನ ದ್ರವದ ಕುಹರಗಳು ಹಿಗ್ಗಿರುತ್ತವೆ. ಕಿರುಮಿದುಳಿನ ನಡುಭಾಗದಲ್ಲಿ ಒತ್ತೊತ್ತಾಗಿರಬೇಕಾದ ಎಳೆಗಳು ಬಿಸಿಲಿಗೆ ಬಾಡಿದ ಜರಿಗಿಡದ ಎಲೆಯಂತೆ ಬಿಡಿಬಿಡಿಯಾಗಿ ಕಾಣುತ್ತವೆ. ನಿಂತಾಗ, ನಡೆವಾಗ ಸಮತೋಲ ಕಾಯುವುದು ಆ ಭಾಗವೇ. ನಿಮ್ಮ ಅಣ್ಣ ಕಾಲು ಅಗಲಿಸುವುದು ಅದಕ್ಕೇ ಇರಬಹುದು. ಇರಬಹುದು ಎನ್ನುತ್ತೇನೆ, ಏಕೆಂದರೆ ಕುಗ್ಗಿದೆ ಎಂಬುದನ್ನು ಚಿತ್ರ ತೋರಿಸುತ್ತದೆ. ಕಾರಣವನ್ನು ನರರೋಗ ತಜ್ಞರೇ ಹೇಳಬೇಕು.

ಕುಡಿತ ಬಿಟ್ಟವರಲ್ಲಿ ಈ ಕುಗ್ಗುವಿಕೆ ಸ್ವಲ್ಪಮಟ್ಟಿಗೆ ಹಿಂದೆ ಸರಿಯುವುದನ್ನು ಕೆನಡಾದ ಸಂಶೋಧಕರು 1978ರಲ್ಲೇ ಸಿಟಿ ಸ್ಕ್ಯಾನಿನಲ್ಲಿ ತೋರಿಸಿದ್ದರು. ಆಮೇಲೆ ಎಂಆರ್‌ಐ ಕೂಡ ಅದನ್ನೇ ಹೇಳಿತು. ಸತ್ತ ನರಕೋಶಗಳು ಮರಳುವುದಿಲ್ಲ, ಆದರೆ ಉಳಿದ ಅಂಗಾಂಶ ಮತ್ತೆ ತುಂಬಿಕೊಳ್ಳುತ್ತದೆ. ಮೊದಲ ಕೆಲವು ವಾರಗಳಲ್ಲೇ ಚೇತರಿಕೆಯ ವೇಗ ಹೆಚ್ಚು. ನಡಿಗೆ ಪೂರ್ತಿ ಮೊದಲಿನಂತಾಗದೆ ಹೋಗಬಹುದು. ಆದರೂ ಬಿಡಿಸಿ.

ಅಘನಾಶಿನಿ ದಡ, ಕುಮಟಾ:
ನಾನು ನರ್ಸ್. ದಯವಿಟ್ಟು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ! ನಿತ್ಯ ಕುಡಿಯುವವರು ದಿಢೀರನೆ ಬಿಟ್ಟರೆ ಮೊದಲ ಎರಡು ಮೂರು ದಿನಗಳಲ್ಲೇ ಫಿಟ್ಸ್, ಸನ್ನಿ ಬರಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆಗೆ ಸೇರಿಸಿ, ಬಿ1 ಜೀವಸತ್ವದ ಇಂಜೆಕ್ಷನ್ ಬಗ್ಗೆ ಕೇಳಿ. ಅದರ ಕೊರತೆಯಿಂದಲೂ ಓಲಾಟ, ಕಣ್ಣಾಲಿ ಸರಿಯಾಗಿ ಹೊರಳದಿರುವುದು, ಗೊಂದಲ ಬರುತ್ತವೆ. ತಡವಾದರೆ ನೆನಪು ಶಾಶ್ವತವಾಗಿ ಕೆಡಬಹುದು. ಇವರಿಗೆ ಗ್ಲೂಕೋಸ್ ಹನಿಸುವ ಮೊದಲು ಬಿ1 ಕೊಡುವುದು ವಾಡಿಕೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಬೇಲೆಕೇರಿ ಗಾಳಿ, ಅಂಕೋಲಾ:
ನಮ್ಮಂತೆ ಹಿತಮಿತವಾಗಿ ಕುಡಿಯುವವರಿಗೂ ಸ್ಕ್ಯಾನಿನಲ್ಲಿ ಏನಾದರೂ ಕಾಣುತ್ತದೆಯೇ?

ಮಲೆನಾಡಿಗ, ಶಿರಸಿ:
ಬ್ರಿಟನ್ನಿನಲ್ಲಿ 550 ಜನರನ್ನು 30 ವರ್ಷ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಕುಗ್ಗಿದ್ದು ಮಿತವಾಗಿ ಕುಡಿಯುವವರಲ್ಲೂ ಹೆಚ್ಚಾಗಿ ಕಂಡಿತು. ಒಬ್ಬರ ಚಿತ್ರ ನೋಡಿ ನಾನು ಅದನ್ನು ಗುರುತಿಸಲಾರೆ, ನೂರಾರು ಜನರನ್ನು ಹೋಲಿಸಿದಾಗಲೇ ಗೊತ್ತಾಗುವುದು. ನಾನಂತೂ ಯಾರಿಗೂ "ಸ್ವಲ್ಪ ಪರವಾಗಿಲ್ಲ" ಎನ್ನುವುದಿಲ್ಲ.

ಕಡಲ ಮಗಳು, ಕಾರವಾರ:
ಅತ್ತಿಗೆಗೆ ಎಲ್ಲವನ್ನೂ ಓದಿ ಹೇಳಿದೆ. ಆಸ್ಪತ್ರೆಗೆ ಸೇರಿಸಲು ಒಪ್ಪಿದ್ದಾರೆ, ಅಣ್ಣನನ್ನು ಒಪ್ಪಿಸುವುದು ಬಾಕಿ ಇದೆ.