ಕನ್ನಡ ಮೀಡಿಯಂ ಓದಿದವರು ಹೈಸ್ಕೂಲ್ ಇಂಗ್ಲಿಷ್ ಟೀಚರ್ ಆಗಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಹಾವೇರಿ ಕಡೆಯವಳು ನಾನು. ಎಸ್‌ಎಸ್‌ಎಲ್‌ಸಿವರೆಗೆ ಪೂರ್ತಿ ಕನ್ನಡ ಮೀಡಿಯಂ. ಬಿ.ಎ.ಯಲ್ಲಿ ಇತಿಹಾಸ ಮತ್ತು ಐಚ್ಛಿಕ ಇಂಗ್ಲಿಷ್ ತಗೊಂಡಿದ್ದೆ, 61 ಪರ್ಸೆಂಟ್ ಬಂದಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಬೇಕು ಅಂತ ಆಸೆ. ಆದರೆ ಇಂಗ್ಲಿಷಿನಲ್ಲಿ ಮಾತಾಡುವಾಗ ತಡವರಿಸುತ್ತೇನೆ. ಮನೆಯಲ್ಲಿ "ಸುಮ್ನೆ ಸಮಾಜ ವಿಜ್ಞಾನ ತಗೋ" ಅನ್ನುತ್ತಾರೆ. ಬಿ.ಎಡ್.ನಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ನನ್ನಂಥವಳಿಗೆ ಆಗುತ್ತಾ?

ಉತ್ತರ (ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ, 17 ವರ್ಷ ಸೇವೆ): ಆಗುತ್ತದೆ ಕಣಮ್ಮ. ನಾನೂ ಕನ್ನಡ ಮೀಡಿಯಂನವಳೇ.

ಮೊದಲು ಸೀಟಿನ ವಿಷಯ ಮುಗಿಸಿಬಿಡೋಣ. ಬಿ.ಎಡ್.ಗೆ ಪದವಿಯಲ್ಲಿ 50 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ನಿಮ್ಮದು ಸಾಕಷ್ಟಾಯಿತು. ಸರ್ಕಾರಿ ಕೋಟಾದ ಸೀಟು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ, ಪದವಿ ಅಂಕಗಳ ಮೆರಿಟ್ ಮೇಲೆ ಸಿಗುತ್ತದೆ. ಮೆಥಡ್, ಅಂದರೆ ಪಾಠ ಮಾಡುವ ವಿಧಾನ ಕಲಿಯುವ ವಿಷಯ, ಎರಡು ಆರಿಸಿಕೊಳ್ಳಬೇಕು. ನೀವು ಇಂಗ್ಲಿಷ್ ಜೊತೆಗೆ ಸಮಾಜ ವಿಜ್ಞಾನ ತಗೊಂಡರೆ ಮನೆಯವರೂ ಸುಮ್ಮನಾಗುತ್ತಾರೆ!

ಕೋರ್ಸು 2015ರಿಂದ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಾಲ್ಯ ಮತ್ತು ಬೆಳವಣಿಗೆ, ಕಲಿಕೆ, ಮೌಲ್ಯಮಾಪನ ಅಂತ ಥಿಯರಿ ಪೇಪರುಗಳು ಇರುತ್ತವೆ. ಓದಿದರೆ ಪಾಸಾಗುತ್ತೀರಿ, ಅದರ ಚಿಂತೆ ಬೇಡ. ಟೀಚರ್ ಆಗುವುದು ಮೈಕ್ರೋ ಟೀಚಿಂಗ್‌ನಲ್ಲಿ ಮತ್ತು ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್‌ನಲ್ಲಿ.

ಮೈಕ್ರೋ ಟೀಚಿಂಗ್ ಅಂದರೆ ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವುದು ಅಂತ ಇಟ್ಟುಕೊಳ್ಳಿ. ನಿಮ್ಮ ಜೊತೆ ಓದುವವರೇ ವಿದ್ಯಾರ್ಥಿಗಳ ಹಾಗೆ ಕೂರುತ್ತಾರೆ. 6 ನಿಮಿಷ ಪಾಠ, 6 ನಿಮಿಷ ಅವರ ಅಭಿಪ್ರಾಯ, 12 ನಿಮಿಷ ತಿದ್ದಿ ಬರೆಯುವುದು, ಮತ್ತೆ 6 ನಿಮಿಷ ಅದೇ ಪಾಠ, ಕೊನೆಗೆ 6 ನಿಮಿಷ ಇನ್ನೊಮ್ಮೆ ಅಭಿಪ್ರಾಯ. ಒಟ್ಟು 36 ನಿಮಿಷ. ಮೊದಲ ದಿನ ಎಲ್ಲರಿಗೂ ನಗು ಬರುತ್ತದೆ. ನನ್ನ ಪಾಠದಲ್ಲಿ ನಾನು ‘ಡೆಟ್’ ಅನ್ನುವ ಪದವನ್ನು ಸ್ಪೆಲಿಂಗ್ ನೋಡಿಕೊಂಡು ‘ಡೆಬ್ಟ್’ ಅಂತ ಓದಿದ್ದೆ. ಹಿಂದೆ ಕೂತಿದ್ದ ಲೆಕ್ಚರರ್ ಜೋರಾಗಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ಕೊಟ್ಟರು. ಅವತ್ತಿನಿಂದ ಪಾಠಕ್ಕೆ ಮುಂಚೆ ಅನುಮಾನ ಬಂದ ಪದವನ್ನೆಲ್ಲ ಡಿಕ್ಷನರಿಯಲ್ಲಿ ನೋಡುತ್ತೇನೆ. ಈಗಲೂ.

ಇಂಟರ್ನ್‌ಶಿಪ್ ಒಟ್ಟು 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16. ನಮ್ಮ ಶಾಲೆಗೆ ಬರುವ ಬಿ.ಎಡ್. ಮಕ್ಕಳಿಗೆ ನಾನೇ ಗೈಡ್ ಟೀಚರ್. ಕಳೆದ ಸಲ ಬಂದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ನೀರು ಕುಡಿದ ಹಾಗೆ. ಎಂಟನೇ ಕ್ಲಾಸಿಗೆ ಪ್ರಿಪೊಸಿಷನ್ ಪಾಠ. ಬೋರ್ಡಿನ ಮೇಲೆ ವ್ಯಾಖ್ಯೆ ಬರೆದಳು, ಹುಡುಗರು ಬರೆದುಕೊಂಡರು. "ಅರ್ಥ ಆಯ್ತಾ?" ಅಂದಳು. "ಯೆಸ್ ಮಿಸ್" ಅಂತ ಇಡೀ ಕ್ಲಾಸು ಕೂಗಿತು. ಒಂದು ವಾಕ್ಯ ಹೇಳಿ ಅಂದರೆ ಒಂದೂ ಕೈ ಮೇಲೇಳಲಿಲ್ಲ. ಪಿರಿಯಡ್ ಮುಗಿದ ಮೇಲೆ ಪಾಪ, ಸ್ಟಾಫ್ ರೂಮಿನಲ್ಲಿ ಅಳುಮುಖ ಮಾಡಿಕೊಂಡು ಕೂತಿದ್ದಳು.

ಇಬ್ಬರೂ ಕೂತು ಪಾಠಯೋಜನೆ ತಿದ್ದಿದೆವು. ಮಾರನೇ ದಿನ ಅವಳು ಬೋರ್ಡಿನ ಮೇಲೆ ಮೂರು ಕನ್ನಡ ವಾಕ್ಯ ಬರೆದಳು. ಅಪ್ಪ ಮನೇಲಿ ಇದ್ದಾರೆ. ಅಕ್ಕ ಬಸ್ಸಲ್ಲಿ ಇದ್ದಾಳೆ. ನೀರು ಕೊಡದಲ್ಲಿ ಇದೆ. "ಮೂರರಲ್ಲೂ ಒಂದೇ ಥರ ಇರೋದು ಯಾವುದು?" ಅಂತ ಕೇಳಿದಳು. ‘ಅಲ್ಲಿ’ ಅಂತ ಮಕ್ಕಳೇ ಕಂಡುಹಿಡಿದರು. ಆಮೇಲೆ ಪಕ್ಕದಲ್ಲಿ ಇಂಗ್ಲಿಷ್: ಅಟ್ ಹೋಮ್, ಆನ್ ದ ಬಸ್, ಇನ್ ದ ಪಾಟ್. ನಮ್ಮ ಒಂದು ‘ಅಲ್ಲಿ’ಗೆ ಅವರಲ್ಲಿ ಮೂರು ಪದ! ಕೊನೇ ಬೆಂಚಿನ ಹುಡುಗನೊಬ್ಬ, ವಾರದಿಂದ ಬಾಯಿ ಬಿಡದವನು, ಎದ್ದು ನಿಂತ. "ಮಿಸ್, ನಮ್ಮದು ಬಾಲಕ್ಕೆ ಅಂಟುತ್ತೆ, ಇಂಗ್ಲಿಷಿಂದು ತಲೆ ಮೇಲೆ ಕೂರುತ್ತೆ." ಇದಕ್ಕಿಂತ ಒಳ್ಳೆ ವ್ಯಾಖ್ಯೆ ನಾನು ಯಾವ ಗ್ರಾಮರ್ ಪುಸ್ತಕದಲ್ಲೂ ನೋಡಿಲ್ಲ.

ನಿಮಗೆ ಇದನ್ನು ಯಾಕೆ ಹೇಳಿದೆ ಅಂದರೆ, ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಆ ಹುಡುಗಿಗೆ ನಾನು ಹೇಳಿಕೊಡಬೇಕಾಯಿತು. ನೀವು ಅಲ್ಲೇ ಎಡವಿ ಎದ್ದು ಬಂದವರು. ತಡವರಿಸುವುದು ಅಭ್ಯಾಸದಿಂದ ಹೋಗುತ್ತದೆ. ಕ್ಲಾಸಿನಲ್ಲಿ ದಿನಾ ಬೇಕಾಗುವ ಇಂಗ್ಲಿಷ್ ಅಷ್ಟೇನೂ ಜಾಸ್ತಿ ಇಲ್ಲ. ಪುಸ್ತಕ ತೆಗೆಯಿರಿ, ಜೋಡಿಯಾಗಿ ಕೂರಿ, ಇನ್ನೊಂದು ಸಲ ಹೇಳು, ಬೇರೆ ಯಾರಾದರೂ ಹೇಳಿ, ಇಂಥವು. ಇಂಥ ಐವತ್ತು ವಾಕ್ಯ ಬರೆದು, ಜೋರಾಗಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಿಮ್ಮ ದನಿ ನಿಮಗೇ ಕೇಳುವುದಕ್ಕೆ ಮೊದಲು ಕಿರಿಕಿರಿ ಆಗುತ್ತದೆ, ಇರಲಿ.

ಇನ್ನೊಬ್ಬರು: ಮೇಡಂ, ನಾನು ಬಿ.ಕಾಂ. ನಮಗೂ ಇಂಗ್ಲಿಷ್ ಇತ್ತಲ್ಲ, ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಹುದ್ದೆಗೆ ನಡೆಯುತ್ತಾ?

ಉತ್ತರ: ಅದು ಭಾಷೆಯಾಗಿ ಓದಿದ ಇಂಗ್ಲಿಷ್. ಸರ್ಕಾರಿ ನೇಮಕಾತಿಯಲ್ಲಿ ಕೇಳುವುದು ಐಚ್ಛಿಕ ಇಂಗ್ಲಿಷ್, ಅಂದರೆ ಪದವಿಯಲ್ಲಿ ಮುಖ್ಯ ವಿಷಯವಾಗಿ ಆರಿಸಿ ಓದಿದ್ದು, ಜೊತೆಗೆ ಬಿ.ಎಡ್.ನಲ್ಲಿ ಇಂಗ್ಲಿಷ್ ಮೆಥಡ್. ಬಿ.ಎಡ್.ಗೆ ಸೇರುವ ಮೊದಲೇ ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು ವಿದ್ಯಾರ್ಹತೆಯ ಪುಟ ಓದಿ. ಸೇರಿದ ಮೇಲೆ ಓದಿ ಪೇಚಾಡಿದವರನ್ನು ನೋಡಿದ್ದೇನೆ.

ಇನ್ನೊಬ್ಬರು: ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದರೆ ಹೈಸ್ಕೂಲಿಗೆ ಸಾಕಲ್ವಾ?

ಉತ್ತರ: ಇಲ್ಲ ತಮ್ಮಾ. ನಮ್ಮ ರಾಜ್ಯದ ಟಿಇಟಿ ಮೊದಲ ಪೇಪರ್ 1ರಿಂದ 5ನೇ ತರಗತಿಗೆ, ಎರಡನೇ ಪೇಪರ್ 6ರಿಂದ 8ಕ್ಕೆ. ಹೈಸ್ಕೂಲ್ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಯೇ ಬೇರೆ. ಆದರೂ ಎರಡನೇ ಪೇಪರ್ ಬರೆದಿಟ್ಟುಕೊಳ್ಳಿ. 150ಕ್ಕೆ 90 ಬಂದರೆ ಸಾಮಾನ್ಯ ವರ್ಗದವರಿಗೆ ಅರ್ಹತೆ, 6ರಿಂದ 8ರ ಪದವೀಧರ ಶಿಕ್ಷಕರ ಹುದ್ದೆಗೆ ಬೇಕಾಗುತ್ತದೆ.

ಇನ್ನೊಬ್ಬರು: ಕೆಲಸ ಬಿಡೋಕಾಗಲ್ಲ ಮೇಡಂ. ಕಾಲೇಜಿಗೆ ಹೋಗದೇ ಬಿ.ಎಡ್. ಮಾಡಿಸಿಕೊಡುತ್ತೇವೆ ಅಂತ ಒಬ್ಬರು ಹೇಳಿದ್ದಾರೆ. ಒಂದು ವರ್ಷದ ಬಿ.ಎಡ್. ಕೂಡ ಬಂದಿದೆಯಂತೆ?

ಉತ್ತರ: ಹೋಗದೇ ಮಾಡುವ ಬಿ.ಎಡ್. ದಯವಿಟ್ಟು ಬೇಡ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ನಿಯಮದ ಪ್ರಕಾರ ಕೋರ್ಸಿಗೆ 80 ಪರ್ಸೆಂಟ್, ಇಂಟರ್ನ್‌ಶಿಪ್‌ಗೆ 90 ಪರ್ಸೆಂಟ್ ಹಾಜರಾತಿ ಬೇಕು. ನಿಯಮದ ಮಾತು ಹಾಗಿರಲಿ, ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದವರು ನಲವತ್ತು ಮಕ್ಕಳ ಮುಂದೆ ನಿಂತಾಗ ಏನು ಮಾಡುತ್ತಾರೆ ಹೇಳಿ? ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಎಡ್. ಇದೆ, ಆದರೆ ಅದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ಒಂದು ವರ್ಷದ್ದರ ಬಗ್ಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇದೆ, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. 2025ರಲ್ಲಿ ಎನ್‌ಸಿಟಿಇ ಕರಡು ನಿಯಮ ಹೊರಡಿಸಿತು. ಕರಡು ಅಂದರೆ ಕರಡು. ಯಾರಾದರೂ "ಸೀಟ್ ಇದೆ ಬನ್ನಿ" ಅಂದರೆ ಕಾಲೇಜಿನ ಮಾನ್ಯತಾ ಪತ್ರ ಕೇಳಿ, ಅದರಲ್ಲಿ ಆ ಕೋರ್ಸಿನ ಹೆಸರೇ ಇರಬೇಕು.

ಖಾಸಗಿ ಶಾಲೆಯ ಶಿಕ್ಷಕರೊಬ್ಬರು: ಮೇಡಂ, ನೀವು ಹೇಳುವ ಇಂಟರ್ನ್‌ಶಿಪ್ ನಮಗೆ ಸಿಗಲಿಲ್ಲ. ನಲವತ್ತು ಪಾಠಯೋಜನೆ ಸೀನಿಯರ್ ರೆಕಾರ್ಡ್ ನೋಡಿ ಬರೆದೆವು. ಪರೀಕ್ಷೆ ಪಾಠದ ದಿನ ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದ್ದೆವು: ಉತ್ತರ ಗೊತ್ತಿದ್ದರೆ ಬಲಗೈ, ಗೊತ್ತಿಲ್ಲದಿದ್ದರೆ ಎಡಗೈ ಎತ್ತಿ! ಎಲ್ಲ ನಾಟಕ.

ಉತ್ತರ: ಎಡಗೈ ಕಥೆ ನಮ್ಮ ಕಾಲದಲ್ಲೂ ಇತ್ತು ಸರ್, ನಕ್ಕುಬಿಟ್ಟೆ. ನೀವು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ ಅನ್ನುತ್ತೇನೆ. ಅಲ್ಲಿನ ಎರಡನೇ ವರ್ಷದವರನ್ನು ಹಿಡಿದು ಎರಡೇ ಪ್ರಶ್ನೆ ಕೇಳಿ. ಇಂಟರ್ನ್‌ಶಿಪ್‌ಗೆ ಯಾವ ಶಾಲೆಗೆ ಕಳಿಸುತ್ತಾರೆ? ಲೆಕ್ಚರರ್ ಬಂದು ಹಿಂದಿನ ಬೆಂಚಿನಲ್ಲಿ ಪೂರ್ತಿ ಪಿರಿಯಡ್ ಕೂರುತ್ತಾರಾ, ಸಹಿ ಹಾಕಿ ಹೋಗುತ್ತಾರಾ?

ದೂರ ಹೋಗಬಲ್ಲವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಪ್ರವೇಶ ಪರೀಕ್ಷೆ ಬರೆಯಿರಿ, ಎನ್‌ಸಿಇಆರ್‌ಟಿಯದ್ದು ಅದು. ಹೈದರಾಬಾದಿನ ಇಫ್ಲುದಲ್ಲಿ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಇಂಗ್ಲಿಷಿಗೆಂದೇ ಬಿ.ಎಡ್. ಇದೆ. ಕೆಲಸ ಸಿಕ್ಕ ಮೇಲೆ ಬೆಂಗಳೂರು ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿಗೆ ಅವಕಾಶ ಬಂದರೆ ಬಿಡಬೇಡಿ. 1963ರಿಂದ ಇರುವ ಸಂಸ್ಥೆ, ದಕ್ಷಿಣದ ಬೇರೆ ರಾಜ್ಯಗಳ ಟೀಚರುಗಳೂ ಬರುತ್ತಾರೆ.

ಮೊದಲು ಕೇಳಿದವರು: ತುಂಬಾ ಧೈರ್ಯ ಬಂತು ಮೇಡಂ. ಕೌನ್ಸೆಲಿಂಗ್‌ಗೆ ಇನ್ನೂ ಟೈಮ್ ಇದೆ. ಅಲ್ಲಿವರೆಗೆ ಏನು ಮಾಡಲಿ?

ಉತ್ತರ: ನಿಮ್ಮೂರಿನ ಹೈಸ್ಕೂಲಿಗೆ ಹೋಗಿ. ಎಚ್‌ಎಂ ಹತ್ತಿರ ವಿನಂತಿ ಮಾಡಿಕೊಂಡು ಎಂಟನೇ ಕ್ಲಾಸಿನ ಇಂಗ್ಲಿಷ್ ಪಿರಿಯಡ್‌ನಲ್ಲಿ ಒಂದು ವಾರ ಹಿಂದೆ ಕೂರಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡ ಪುಟದಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಹೇಳಿದ್ದು, ಬಲ ಪುಟದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಹೇಳಿದ್ದು. "ಯೆಸ್ ಮಿಸ್" ಲೆಕ್ಕಕ್ಕಿಲ್ಲ. ಬಲ ಪುಟ ಎಷ್ಟು ತುಂಬಿತು ಅಂತ ವಾರ ಬಿಟ್ಟು ಇಲ್ಲೇ ಬರೆದು ಹಾಕಿ, ಮಾತಾಡೋಣ.