ದಿನಾ ಮೂರು ‘ಥ್ಯಾಂಕ್ಸ್’ ಬರೆದರೂ ಮನಸ್ಸು ಭಾರ, ಯಾಕೆ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು. ಅಕ್ಟೋಬರ್‌ನಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಈಗ ಸಂಜೆ 4ಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿಗಳೂ ಬಂದ್. ಲ್ಯಾಬಿನಲ್ಲಿ ಎಲ್ಲರೂ ಜರ್ಮನ್‌ನಲ್ಲಿ ಏನೋ ಹೇಳಿ ನಗುತ್ತಾರೆ, ನಾನೂ ಸುಮ್ನೆ ಹಲ್ಲು ಕಿರಿಯುತ್ತೇನೆ. ಗೆಳತಿಯ ಮಾತು ಕೇಳಿ ದಿನಾ ರಾತ್ರಿ ಮೂರು ಕೃತಜ್ಞತೆ ಬರೆಯುತ್ತಿದ್ದೇನೆ. ಮೂರು ವಾರ ಆಯಿತು, ಬರೆದ ಮೇಲೆ ಅಳುವೇ ಜಾಸ್ತಿ.

ಆಪ್ತಸಮಾಲೋಚಕಿ: ನಿನ್ನೆ ಬರೆದದ್ದನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೀರಾ?

ಪ್ರಶ್ನೆ: “ಅಪ್ಪ ಹೊಲ ಅಡವಿಟ್ಟು ಕಳಿಸಿದರು. ಅಕ್ಕ ಬಳೆ ಬಿಚ್ಚಿಕೊಟ್ಟಳು. ಎಷ್ಟೋ ಜನಕ್ಕೆ ಸಿಗದ ಸೀಟು ನನಗೆ ಸಿಕ್ಕಿತು.” ಹೆಚ್ಚುಕಮ್ಮಿ ದಿನಾ ಇದೇ.

ಆಪ್ತಸಮಾಲೋಚಕಿ: ಓದಿದರೆ ಸಾಲದ ಖಾತೆಯ ಹಾಗಿದೆ, ಅಲ್ವಾ? ಮಲಗುವ ಮುಂಚೆ ಬಾಕಿ ನೋಡಿಕೊಂಡರೆ ಯಾರಿಗೆ ನಿದ್ದೆ ಬರುತ್ತದೆ ಹೇಳಿ. ನಮ್ಮಲ್ಲಿ ಉಪಕಾರ ಅಂದ ಕೂಡಲೇ ಋಣ ತೀರಿಸುವ ಮಾತು ಬಂದುಬಿಡುತ್ತದೆ. ‘ಇಷ್ಟೆಲ್ಲ ಮಾಡಿದ್ದಾರೆ, ನಾನು ಅಳಬಾರದು’ ಅಂತ ಮನೆಯವರಿಂದ ಮುಚ್ಚಿಡುತ್ತೀರಿ. ಆಗ ಇನ್ನೂ ಭಾರ.

ಡೈರಿ ಬಿಡಬೇಡಿ, ಬರೆಯುವ ರೀತಿ ಬದಲಿಸಿ. ಆವತ್ತು ಅಲ್ಲೇ ಕಣ್ಣಿಗೆ ಬಿದ್ದದ್ದು ಮಾತ್ರ. ನನ್ನ ಹತ್ತಿರ ಬರುತ್ತಿದ್ದ ಹುಡುಗನೊಬ್ಬ ಬರೆದಿದ್ದ: “ಯಾವ ಕಸ ಯಾವ ಡಬ್ಬಿಗೆ ಅಂತ ಪಕ್ಕದ ರೂಮಿನವನು ಇಳಿದು ಬಂದು ತೋರಿಸಿದ.” ಆಮೇಲೆ ಇಬ್ಬರೂ ಸೇರಿ ಅಡುಗೆ ಮಾಡತೊಡಗಿದರು.

ದಿನಾ ಬರೆಯಲೇಬೇಕೆಂದೂ ಇಲ್ಲ. ಎಮನ್ಸ್ ಮತ್ತು ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೆಲವು ವಿದ್ಯಾರ್ಥಿಗಳು ವಾರಕ್ಕೊಮ್ಮೆ, ಕೃತಜ್ಞತೆಯ ಹೆಚ್ಚೆಂದರೆ 5 ವಿಷಯ, 10 ವಾರ ಬರೆದರು. ಕಿರಿಕಿರಿಗಳನ್ನು ಬರೆದವರಿಗಿಂತ ಅವರಿಗೆ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ಆದರೆ ಅದು ಪರದೇಶದಲ್ಲಿ ಓದುವವರಿಗೆಂದೇ ಮಾಡಿದ ಅಧ್ಯಯನ ಅಲ್ಲ.

ಕತ್ತಲು, ಭಾಷೆ ಇವಕ್ಕೆ ಡೈರಿ ಸಾಲದು. ಬೆಳಕಿರುವಾಗ ಹೊರಗೆ ಓಡಾಡಿ. ಅಳು ನಿಲ್ಲದಿದ್ದರೆ, ನಿದ್ದೆ ಊಟ ಕೆಟ್ಟರೆ, ಅಲ್ಲಿನ ಸ್ಟುಡೆಂಟನ್‌ವೆರ್ಕ್‌ನ (ವಿದ್ಯಾರ್ಥಿ ಸೇವಾ ಸಂಸ್ಥೆ) ಸಮಾಲೋಚಕರನ್ನು ಕಾಣಿ, ತಡಮಾಡಬೇಡಿ.

ಮತ್ತೊಬ್ಬರು: ಅಳು ಬರುತ್ತೆ ಅಂತ ಅಮ್ಮನಿಗೆ ಹೇಳಿದರೆ ‘ವಾಪಸ್ ಬಂದುಬಿಡು’ ಅಂತಾರೆ ಮೇಡಂ!

ಆಪ್ತಸಮಾಲೋಚಕಿ: ‘ಅಮ್ಮಾ, ಏನೂ ಹೇಳಬೇಡ, ಹತ್ತು ನಿಮಿಷ ಕೇಳಿಸ್ಕೋ’ ಅಂತಲೇ ಶುರುಮಾಡಿ. ಚಳಿಗಾಲದಲ್ಲಿ ಜರ್ಮನಿಯ ಸಂಜೆ 6 ಅಂದರೆ ಇಲ್ಲಿ ರಾತ್ರಿ ಹತ್ತೂವರೆ, ಅವರಿಗೆ ಕಣ್ಣು ಎಳೆಯುತ್ತಿರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡಿ.

ಪ್ರಶ್ನೆ: ಇವತ್ತಿನದು, ಮೇಡಂ: ನಾನು ಓಡಿಬರುವುದು ನೋಡಿ ಟ್ರಾಮ್ ಡ್ರೈವರ್ ಮತ್ತೆ ಬಾಗಿಲು ತೆಗೆದರು. ಒಂದೇ ಬರೆದೆ.