ಪದಚರ್ಚೆ: ಜೆಟ್ಟಿಯ ಬೋರ್ಡಿಗೆ ‘ಸೇಫ್ಟಿ’ಗೊಂದು, ‘ಸೆಕ್ಯುರಿಟಿ’ಗೊಂದು ಪದ ಬೇಕು (ತುರ್ತು)

ಪ್ರಶ್ನೆ

ಗೆಳೆಯರೇ, ನಾಳೆ ಬೆಳಗ್ಗೆ ಪೇಂಟರ್ ಬರುತ್ತಾರೆ. ಅಷ್ಟರೊಳಗೆ ಮೂರು ಗೊಂದಲ ಬಗೆಹರಿಯಬೇಕು.

ಸರಕು ಇಳಿಸುವ ಜೆಟ್ಟಿಯೊಂದರ (ಹಡಗು ಬಂದು ನಿಲ್ಲುವ ಕಟ್ಟೆ) ಕೆಲಸಗಾರರಿಗಾಗಿ ಒಂದು ಬೋರ್ಡು, ಒಂದು ಸಣ್ಣ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹ ‘ಹೆಲ್ತ್, ಸೇಫ್ಟಿ, ಸೆಕ್ಯುರಿಟಿ’. ಆರೋಗ್ಯಕ್ಕೆ ತಕರಾರಿಲ್ಲ. ಉಳಿದೆರಡರ ಪಾಡು ನೋಡಿ. ನನಗಿಂತ ಮೊದಲು ಅನುವಾದ ಮಾಡಿದವರು ಒಂದು ಪುಟದಲ್ಲಿ ಸೇಫ್ಟಿಗೆ ‘ಸುರಕ್ಷತೆ’ ಅಂದಿದ್ದಾರೆ, ಮುಂದಿನ ಪುಟದಲ್ಲಿ ‘ಭದ್ರತೆ’ ಅಂದಿದ್ದಾರೆ. ಲೈಫ್ ಜಾಕೆಟ್ ಹಾಕಿಕೊಳ್ಳೋದು ಭದ್ರತೆಯಂತೆ. ಗೇಟಿನಲ್ಲಿ ಪಾಸ್ ತೋರಿಸೋದು ಸುರಕ್ಷತೆಯಂತೆ!

ಎರಡನೆಯದು ‘ಸ್ನ್ಯಾಪ್‌ಬ್ಯಾಕ್ ಝೋನ್’. ಹಡಗು ಕಟ್ಟಿದ ಹಗ್ಗ ಜಗ್ಗಿ ಜಗ್ಗಿ ಕಿತ್ತುಹೋದಾಗ ಅದರ ತುಂಡು ಬಂದು ಬಡಿಯುವ ಜಾಗ.

ಮೂರನೆಯದು ಜೆಟ್ಟಿ. ಅದಕ್ಕೆ ಕನ್ನಡ ಪದ ಬೇಕಾ, ಹಾಗೇ ಬಿಡಲಾ?

ಉತ್ತರ

ಸುರಕ್ಷತೆ, ಭದ್ರತೆ ಎರಡನ್ನೂ ಬಿಡಿ. ‘ಕಾ’ ಎಂಬ ನಮ್ಮದೇ ಬೇರಿನಿಂದ ಎರಡು ಪದ ಬಂದಿವೆ. ಸೇಫ್ಟಿಗೆ ಕಾಪು, ಸೆಕ್ಯುರಿಟಿಗೆ ಕಾವಲು. ಆರೋಗ್ಯವೂ ಬೇಡ, ‘ಹದುಳ’ ಇದೆ. ಸ್ನ್ಯಾಪ್‌ಬ್ಯಾಕ್‌ಗೆ ‘ಹೊರಜಿ ಮರುಹೊಡೆತದ ಎಲ್ಲೆ’ (ಹೊರಜಿ ಅಂದರೆ ದಪ್ಪ ಹಗ್ಗ). ಜೆಟ್ಟಿಗೆ ಹಡಗುಕಟ್ಟೆ. ಜೆಟ್ಟಿ ಅಂದರೆ ನಮ್ಮಲ್ಲಿ ಕುಸ್ತಿ ಹಿಡಿಯುವವನು. ಮುಗೀತು.

ಮತ್ತೊಂದು ಉತ್ತರ

‘ಹದುಳ, ಕಾಪು, ಕಾವಲು’ ಅಂತ ಬರೆದ ಬೋರ್ಡನ್ನು ಹಡಗಿನ ಸರಕು ಇಳಿಸುವವರು ಓದಿ, ಇದು ಯಾವುದೋ ಮನೆತನದ ಹೆಸರು ಅಂದುಕೊಳ್ಳುತ್ತಾರೆ.

ಜೆಟ್ಟಿ ಬಗ್ಗೆ ಮಾತ್ರ ಹೇಳುತ್ತೇನೆ. ಪದ ಹುಟ್ಟಿಸುವ ಕಷ್ಟ ಯಾಕೆ? ಕಡಲಂಚಿನ ಜನರ ಬಾಯಲ್ಲಿ ‘ಧಕ್ಕೆ’ ಇದೆ. ಮೀನಿನ ದೋಣಿ ಬಂದು ನಿಲ್ಲುವ ಕಟ್ಟೆಗೆ ಅವರು ಹೇಳೋದೇ ಅದು. ಮರಾಠಿಯ ‘ಧಕ್ಕಾ’ಕ್ಕೆ ನೂಕು ಅನ್ನುವ ಅರ್ಥವೂ ಇದೆ, ಹಡಗುಕಟ್ಟೆ ಅನ್ನುವ ಅರ್ಥವೂ ಇದೆ. ದೋಣಿ ಬಂದು ತಟ್ಟುವ ಜಾಗ, ಹಾಗಾಗಿ ಧಕ್ಕೆ. ನನ್ನ ಊಹೆ ಇದು, ಆದರೆ ಸರಿಯಾಗಿಯೇ ಇದೆ. ನೂಕಿದಾಗ ಪೆಟ್ಟಾಗುತ್ತದೆ, ಆದ್ದರಿಂದ ‘ಮಾನಕ್ಕೆ ಧಕ್ಕೆ’ಯೂ ಅದೇ ಪದ. ಇನ್ನು ಜೆಟ್ಟಿಯ ಮೂಲ ಹಳೆಯ ಫ್ರೆಂಚಿನ ‘ಎಸೆದದ್ದು’ ಅನ್ನುವ ಪದ. ಕಲ್ಲು ಮಣ್ಣು ನೀರಿಗೆ ಎಸೆದು ಕಟ್ಟಿದ್ದು ಅಂತ. ಅವರು ಎಸೆದರು, ನಾವು ನೂಕಿದೆವು. ಎಷ್ಟು ಚೆಂದ ಕೂಡಿಬರುತ್ತದೆ ನೋಡಿ.

ಮೊದಲ ಉತ್ತರದವರು

ಚೆಂದವಾಗಿ ಕೂಡಿಬಂದದ್ದೆಲ್ಲ ನಿಜವಲ್ಲ. ‘ಧಕ್ಕೆಯಲ್ಲಿ ಧಕ್ಕೆಯಾಗದಿರಲಿ’ ಅಂತ ಬರೆಸಿ. ಪ್ರಾಸ ಸಿಗುತ್ತದೆ, ಅರ್ಥ ಸಿಗೋದಿಲ್ಲ.

ಇನ್ನೊಬ್ಬರು

ಯಾರೂ ವ್ಯಾಕರಣ ನೋಡಲಿಲ್ಲವಲ್ಲ! ‘ಸುರಕ್ಷತೆ’ ತಪ್ಪು ರೂಪ. ‘ಸುರಕ್ಷಾ’ ಆಗಲೇ ಭಾವನಾಮ. ಅದಕ್ಕೆ ಮತ್ತೆ ‘ತೆ’ ಯಾಕೆ? ಐಕ್ಯತೆ, ಸೌಜನ್ಯತೆಗಳ ಸಾಲಿಗೆ ಇದೂ ಸೇರುತ್ತದೆ. ‘ಸುರಕ್ಷೆ’ ಅನ್ನಿ, ಇಲ್ಲವೇ ‘ಸುರಕ್ಷಿತತೆ’. ಇನ್ನು ‘ಭದ್ರ’ಕ್ಕೆ ಸಂಸ್ಕೃತದಲ್ಲಿ ಮಂಗಳ, ಶುಭ ಅನ್ನುವ ಅರ್ಥ. ಕಾವಲಿಗೂ ಅದಕ್ಕೂ ಸಂಬಂಧವಿಲ್ಲ.

ಕೇಳಿದವರು

ಸರ್, ‘ಸುರಕ್ಷಿತತೆ’ಯನ್ನು ಪೇಂಟರ್ ಎರಡು ಸಲ ತಪ್ಪು ಬರೆಯುತ್ತಾರೆ, ಮೂರನೇ ಸಲ ದುಡ್ಡು ಜಾಸ್ತಿ ಕೇಳುತ್ತಾರೆ. ಎರಡು ಪದ ಎಲ್ಲಿ ಬೇರೆಯಾಗುತ್ತವೆ ಅಂತ ಯಾರಾದರೂ ಹೇಳಿ.

ಮತ್ತೊಬ್ಬರು

ನಾನು ಹಡಗಿನ ಹಗ್ಗ ಹಿಡಿದು ಹದಿನಾರು ವರ್ಷ ದುಡಿದವನು. ವ್ಯಾಕರಣ ನಿಮಗೇ ಬಿಟ್ಟೆ.

ಎರಡು ಪದ ಬೇಕೇ ಬೇಕು. ಯಾಕಂದ್ರೆ ಜೆಟ್ಟಿಯ ಮೇಲೆ ಸೇಫ್ಟಿಗೂ ಸೆಕ್ಯುರಿಟಿಗೂ ದಿನವೂ ಜಗಳ. ಹಿಂದಿನ ಗೇಟಿಗೆ ಬೀಗ ಹಾಕು ಅಂತ ಸೆಕ್ಯುರಿಟಿಯವರು ಹೇಳುತ್ತಾರೆ. ಬೆಂಕಿ ಬಿದ್ದರೆ ಜನ ಓಡೋದು ಎಲ್ಲಿಗೆ, ತೆಗೆದಿಡು ಅಂತ ಸೇಫ್ಟಿಯವರು ಹೇಳುತ್ತಾರೆ. ಇಬ್ಬರಿಗೂ ಒಂದೇ ಪದ ಕೊಟ್ಟರೆ ‘ಸುರಕ್ಷತೆಗಾಗಿ ಗೇಟು ಮುಚ್ಚಿದೆ’ ಅಂತಲೂ ಬರೆಯಬೇಕು, ‘ಸುರಕ್ಷತೆಗಾಗಿ ಗೇಟು ಮುಚ್ಚಬೇಡಿ’ ಅಂತಲೂ ಬರೆಯಬೇಕು.

ನಾನು ಅಳೆಯೋದು ಹೀಗೆ. ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆ ಆಗುವ ಕೇಡು ಸೇಫ್ಟಿಯ ಪಾಲು. ಜಾರಿ ಬೀಳೋದು, ಕ್ರೇನಿನ ಸರಕು ತಲೆ ಮೇಲೆ ಬೀಳೋದು, ನೀರಿಗೆ ಬೀಳೋದು. ಬೇಕೆಂದೇ ಯಾರೋ ಮಾಡುವ ಕೇಡು ಸೆಕ್ಯುರಿಟಿಯ ಪಾಲು. ಕಳವು, ನುಸುಳೋದು, ಕದ್ದು ಹಡಗು ಹತ್ತೋದು, ಬಾಂಬು. ಹಡಗುಗಳ ಅಂತರರಾಷ್ಟ್ರೀಯ ನಿಯಮವೂ ಇವನ್ನು ಬೇರೆ ಬೇರೆ ಇಟ್ಟಿದೆ. ಸೇಫ್ಟಿಗೆ 1998ರಲ್ಲಿ ಜಾರಿಯಾದ ಐಎಸ್‌ಎಂ ಕೋಡ್. ಸೆಕ್ಯುರಿಟಿಗೆ ಐಎಸ್‌ಪಿಎಸ್ ಕೋಡ್. ಇದು 2001ರ ಸೆಪ್ಟೆಂಬರ್ ದಾಳಿಗಳ ನಂತರ ಹುಟ್ಟಿದ್ದು. 2002ರ ಡಿಸೆಂಬರ್‌ನಲ್ಲಿ ಒಪ್ಪಿದರು, 2004ರ ಜುಲೈ 1ರಿಂದ ಜಾರಿ. ಗೇಟಿನಲ್ಲಿ 1, 2, 3 ಅಂತ ಹಂತ ಬರೆದಿರುತ್ತಾರಲ್ಲ, ಅದು ಇದರದ್ದೇ. ಅಲ್ಲಿ ‘ಸುರಕ್ಷತಾ ಹಂತ 3’ ಅಂತ ಬರೆದರೆ ಜನ ‘ಓಹೋ, ಇವತ್ತು ತುಂಬಾ ಸೇಫ್’ ಅಂದುಕೊಳ್ಳುತ್ತಾರೆ. ಅಸಲಿಗೆ ಅದು ಗಂಡಾಂತರ ತಲೆ ಮೇಲೇ ಬಂದಿರುವಾಗ ಹಾಕುವ ಹಂತ. ಅದಕ್ಕೇ ಅಲ್ಲಿ ಭದ್ರತೆ, ಉಳಿದ ಕಡೆ ಸುರಕ್ಷತೆ. ನಮ್ಮ ಮೇಸ್ತ್ರಿಗಳು ಹೇಳೋದೂ ಹಾಗೆಯೇ.

ಸ್ನ್ಯಾಪ್‌ಬ್ಯಾಕ್ ಝೋನ್‌ಗೆ ‘ಎಲ್ಲೆ’ ಅನ್ನುವ ಪದ ಮಾತ್ರ ಖಂಡಿತ ಬೇಡ, ‘ವಲಯ’ವೂ ಬೇಡ. ಮೊದಲು ನೆಲದ ಮೇಲೆ ಬಣ್ಣದಿಂದ ಗೆರೆ ಎಳೆಯುತ್ತಿದ್ದರು. ಗೆರೆಯ ಆಚೆ ನಿಂತವನು ತಾನು ಬಚಾವ್ ಅಂದುಕೊಳ್ಳುತ್ತಿದ್ದ. ಹಗ್ಗಕ್ಕೆ ಗೆರೆ ಗೊತ್ತಿಲ್ಲ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಲ ಒಳಗೆ ತುಂಬಿಕೊಳ್ಳುತ್ತದೆ. ಕಿತ್ತಾಗ ಕಣ್ಣಿಗೆ ಕಾಣೋದಿಲ್ಲ, ಶಬ್ದ ಕೇಳುವ ಹೊತ್ತಿಗೆ ಮುಗಿದಿರುತ್ತದೆ. ಹಗ್ಗ ಗೂಟಕ್ಕೋ ರೋಲರಿಗೋ ಸುತ್ತಿ ತಿರುಗಿ ಬಂದಿದ್ದರೆ ತುಂಡು ನೇರ ಬರೋದಿಲ್ಲ, ಎತ್ತ ಬೇಕಾದರೂ ಬೀಸುತ್ತದೆ. ಹಾಗಾಗಿ ಹಗ್ಗ ಬಿಗಿಯುವ ಇಡೀ ಜಾಗವನ್ನೇ ಅಪಾಯದ ಜಾಗ ಅಂತ ನೋಡಬೇಕು ಅನ್ನೋದು ಈಗಿನ ಸಲಹೆ. ನನ್ನ ಪಕ್ಕದಲ್ಲಿದ್ದವನಿಗೆ ಮೊಣಕಾಲಿನ ಕೆಳಗೆ ಬಡಿಯಿತು. ಅವನೂ ಗೆರೆಯ ಆಚೆಯೇ ಇದ್ದ.

ಅದಕ್ಕೆ ನಾಮಪದ ಹುಡುಕಬೇಡಿ. ‘ಹಗ್ಗ ಸಿಡಿಯುತ್ತದೆ, ಇಲ್ಲಿ ನಿಲ್ಲಬೇಡಿ’ ಅಂತ ಬರೆಯಿರಿ. ಹಳದಿ ತ್ರಿಕೋನದಲ್ಲಿ ಹಾಕಿಸಿ, ಅದು ಎಚ್ಚರಿಕೆಯ ಗುರುತು. ಲೈಫ್ ಜಾಕೆಟ್ ನೀಲಿ ದುಂಡಿನಲ್ಲಿ ಇರಲಿ, ಅದು ‘ಮಾಡಲೇಬೇಕು’ ಅನ್ನೋದಕ್ಕೆ. ಓದಲು ಬಾರದವನಿಗೂ ಬಣ್ಣ ಹೇಳುತ್ತದೆ.

ವ್ಯಾಕರಣದವರು

ಅನುಭವಕ್ಕೆ ನಮಸ್ಕಾರ. ಆದರೆ ಭದ್ರ ಅಂದರೆ ಮಂಗಳ.

ಅನುವಾದಕರೊಬ್ಬರು

ಸಂಸ್ಕೃತದಲ್ಲಿ ಇರಬಹುದು. ಕನ್ನಡದಲ್ಲಿ ‘ಬಾಗಿಲು ಭದ್ರ ಮಾಡು’ ಅಂದರೆ ಬಾಗಿಲಿಗೆ ಆರತಿ ಎತ್ತು ಅಂತ ಅರ್ಥವೇ? ಚಿಲಕ ಹಾಕು ಅಂತ ತಾನೇ? ಪದ ನಮ್ಮ ಮನೆಗೆ ಬಂದ ಮೇಲೆ ನಮ್ಮ ಅರ್ಥ ತೊಟ್ಟುಕೊಂಡಿದೆ. ಬೀಗ, ಗೇಟು, ಪಾಸು ಎಲ್ಲಕ್ಕೂ ಹೊಂದುವ ಅರ್ಥ ಅದು.

ಈ ಗೊಂದಲ ನಮ್ಮದೊಂದೇ ಅಲ್ಲ. ಜರ್ಮನ್ನಿನಲ್ಲಿ ಎರಡಕ್ಕೂ ‘ಝಿಖರ್‌ಹೈಟ್’. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ‘ಸೆಗುರಿದಾದ್’ ಸಾಕಾಗುತ್ತಿತ್ತು, ಐಎಸ್‌ಪಿಎಸ್ ಬಂದಾಗ ಇಕ್ಕಟ್ಟಾಯಿತು, ಸೆಕ್ಯುರಿಟಿಗೆ ‘ಪ್ರೊತೆಕ್ಸಿಯೋನ್’ ಅಂತ ಬೇರೆ ಪದ ಹಿಡಿದರು. ಫ್ರೆಂಚಿನಲ್ಲಿ ಇನ್ನೂ ತಮಾಷೆ. ಹಡಗಿನ ಮಾತಿನಲ್ಲಿ ‘ಸೆಕ್ಯುರಿತೆ’ ಅಂದರೆ ಸೇಫ್ಟಿ. ಸೆಕ್ಯುರಿಟಿಗೆ ‘ಸ್ಯುರ್ತೆ’. ಕಿವಿ ನಂಬಿ ಅನುವಾದ ಮಾಡಿದವನ ಗತಿ ಅಷ್ಟೇ.

ಮೊದಲ ಉತ್ತರದವರು

ಅಂದರೆ ಎಲ್ಲರಿಂದಲೂ ಸಾಲ ತರಬಹುದು, ನಮ್ಮ ಬೇರಿನಿಂದ ಮಾತ್ರ ಒಂದು ಪದವೂ ಬೇಡ. ಕಾವಲುಗಾರ ಎಲ್ಲರಿಗೂ ಗೊತ್ತು, ಕಾವಲು ಮಾತ್ರ ಕಷ್ಟವಂತೆ! ಈ ಗುಂಪಿನಲ್ಲಿ ಕನ್ನಡದ ಪರ ಮಾತಾಡಿದರೆ ನಗೋದೇ ಆಯಿತು.

ಧಕ್ಕೆಯವರು

ಕನ್ನಡದ ಪರವೇ? ಹಾಗಾದರೆ ‘ಬಂದರು’ ಬಿಡಿ, ಪರ್ಶಿಯನ್. ‘ಲಂಗರು’ ಬಿಡಿ, ಅದೂ ಪರ್ಶಿಯನ್. ಹಡಗು ಉಳಿಯುತ್ತದೆ, ಹಳಗನ್ನಡದ ಪಡಗು ಅದು. ನಿಲ್ಲಿಸಲು ಜಾಗ ಇಲ್ಲ, ಹಾಕಲು ಲಂಗರಿಲ್ಲ. ಸಮುದ್ರದ ಕೆಲಸದಲ್ಲಿ ಪದಗಳು ಹಡಗಿನ ಜೊತೆಗೇ ಬರುತ್ತವೆ ಸ್ವಾಮಿ, ಸುಂಕ ಕೇಳುತ್ತಾ ಕೂರಬೇಡಿ.

ಮೊದಲ ಉತ್ತರದವರು

ಬಂದದ್ದನ್ನು ಇಟ್ಟುಕೊಳ್ಳೋಣ. ಇದ್ದದ್ದನ್ನು ಯಾಕೆ ಹೊರಗೆ ಹಾಕಬೇಕು? ಕಾವಲು ಇದೆ. ಅಷ್ಟೇ ನನ್ನ ಮಾತು.

ಹಗ್ಗದವರು

ಇವರ ಮಾತಿನಲ್ಲಿ ಅರ್ಧ ಸರಿ ಇದೆ. ತಲೆಬರಹಕ್ಕೆ ಭದ್ರತೆ ಇರಲಿ, ಒಳಗೆ ‘ಕಾವಲಿನವರಿಗೆ ತಿಳಿಸಿ’ ಅಂತ ಬರಲಿ. ಅಪರಿಚಿತ ಚೀಲ ಕಂಡವನು ಭದ್ರತೆಗೆ ತಿಳಿಸಲು ಆಗೋದಿಲ್ಲ, ಮನುಷ್ಯನಿಗೆ ತಿಳಿಸಬೇಕು. ಜೆಟ್ಟಿಯನ್ನು ಮುಟ್ಟಬೇಡಿ. ಅಲ್ಲಿ ಕೆಲಸ ಮಾಡುವ ಎಲ್ಲರೂ ಅದನ್ನೇ ಹೇಳೋದು. ಕುಸ್ತಿಯ ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂತಾರೆ. ನಮ್ಮ ಜೆಟ್ಟಿಯಲ್ಲಿ ಜಾರಿ ಬಿದ್ದವನಿಗೆ ಆ ಸೌಲಭ್ಯ ಇಲ್ಲ.

ಕೇಳಿದವರು

ಪೇಂಟರ್ ಬಂದರು. (ಪರ್ಶಿಯನ್ ಅಲ್ಲ, ಕ್ರಿಯಾಪದ.)

ಬರೆಸಿದ್ದು: ‘ಜೆಟ್ಟಿ: ಆರೋಗ್ಯ, ಸುರಕ್ಷತೆ, ಭದ್ರತೆ’. ಕೆಳಗೆ ಹಗ್ಗದ ಸಾಲು, ಕಾವಲಿನ ಸಾಲು. ‘ಸುರಕ್ಷೆ’ ಅಂತಲೇ ಬರೆಸಬೇಕೆಂದಿದ್ದೆ, ಆದರೆ ಪೇಂಟರ್ ತಾವೇ ‘ತೆ’ ಸೇರಿಸಿಬಿಟ್ಟರು. ‘ಇಲ್ಲದಿದ್ದರೆ ಅರ್ಧ ಬರೆದ ಹಾಗೆ ಕಾಣುತ್ತೆ’ ಅಂದರು.

ಈಗ ಕೈಪಿಡಿಯ ಆರನೇ ಪುಟ. ‘ಕನ್ಫೈನ್ಡ್ ಸ್ಪೇಸ್’ಗೆ ಹಿಂದಿನವರು ‘ಇಕ್ಕಟ್ಟಾದ ಜಾಗ’ ಅಂದಿದ್ದಾರೆ. ಆದರೆ ಸರಕು ತುಂಬುವ ಹಡಗಿನ ಹೊಟ್ಟೆ ಇಕ್ಕಟ್ಟೇನಲ್ಲ, ಲಾರಿಗಳನ್ನೇ ನಿಲ್ಲಿಸಬಹುದು. ಕಲ್ಲಿದ್ದಲು, ಮರದ ದಿಮ್ಮಿ, ತುಕ್ಕು ಹಿಡಿದ ಕಬ್ಬಿಣ ಒಳಗಿನ ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಬಿಡುತ್ತವೆ, ಇಳಿದವನು ಏಣಿಯ ಬುಡದಲ್ಲೇ ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ‘ಉಸಿರುಗಟ್ಟುವ ಜಾಗ’ ಅನ್ನಬಹುದಾ? ಸಂಜೆಯೊಳಗೆ ಹೇಳಿ.